ಬೆಲೆ ಚೀಟಿಯ ಮೇಲೆ ಯುದ್ಧದ ಲೆಕ್ಕ

2022ರ ಮಾರ್ಚ್ 31. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದು ಸೂಪರ್ ಮಾರ್ಕೆಟ್. ಸಾಶಾ ಸ್ಕೊಚಿಲೆಂಕೊ ಎಂಬ ಕಲಾವಿದೆ ಒಳಗೆ ಹೋಗಿ, ಸಾಮಾನಿನ ಮುಂದೆ ಸಿಕ್ಕಿಸಿದ್ದ ಐದು ಬೆಲೆ ಚೀಟಿ ತೆಗೆದು ಆ ಜಾಗದಲ್ಲಿ ತಮ್ಮ ಐದು ಚೀಟಿ ಇಟ್ಟು ಬಂದರು. ದೂರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರೇಟು ಎಷ್ಟು ಅಂತ ಬಗ್ಗಿ ನೋಡಿದವರಿಗೆ ಮಾತ್ರ ಬೇರೇನೋ ಕಾಣುತ್ತದೆ. ಉಕ್ರೇನ್‌ನ ಮರಿಯುಪೋಲ್ ನಗರದಲ್ಲಿ ಸುಮಾರು 400 ಜನ ಆಶ್ರಯ ಪಡೆದಿದ್ದ ಕಲಾ ಶಾಲೆಯ ಮೇಲೆ ರಷ್ಯಾದ ಸೈನ್ಯ ಬಾಂಬ್ ಹಾಕಿತು ಅಂತ ಒಂದರಲ್ಲಿತ್ತು. ಉಕ್ರೇನ್‌ನಲ್ಲಿ ನಾವು ಮಾಡುತ್ತಿರುವುದರಿಂದ ಬೆಲೆಯೇರಿಕೆ 1998ರಿಂದ ಈಚೆಗೆ ಕಾಣದ ಮಟ್ಟ ಮುಟ್ಟಿದೆ, ಯುದ್ಧ ನಿಲ್ಲಿಸಿ ಅಂತ ಇನ್ನೊಂದರಲ್ಲಿ.

ಅವರು ಮಾಡಿದ್ದು ಇಷ್ಟೇ. ಅಂಗಡಿಗೆ ಬಂದಿದ್ದ ವಯಸ್ಸಾದ ಗ್ರಾಹಕಿಯೊಬ್ಬರು ಓದಿ ದೂರು ಕೊಟ್ಟರು. ಏಪ್ರಿಲ್‌ನಲ್ಲಿ ಸಾಶಾ ಅವರ ಬಂಧನವಾಯಿತು. ಸೈನ್ಯದ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದರು ಅಂತ ಕೇಸು. ಯುದ್ಧ ಶುರುವಾಗಿ ಹತ್ತು ದಿನ ತುಂಬುವ ಮೊದಲೇ ಅವಸರದಲ್ಲಿ ತಂದ ಕಾನೂನು ಅದು. ಗೋಧಿ ಹೊಟ್ಟೆಗೆ ಆಗದ ಕಾಯಿಲೆಯಿದ್ದ ಆ ಹೆಣ್ಣುಮಗಳನ್ನು ಒಂದೂವರೆ ವರ್ಷಕ್ಕೂ ಜಾಸ್ತಿ ಒಳಗಿಟ್ಟು, 2023ರ ನವೆಂಬರ್‌ನಲ್ಲಿ 7 ವರ್ಷ ಜೈಲು ಅಂತ ತೀರ್ಪು ಕೊಟ್ಟರು. ಐದು ಚೂರು ಕಾಗದದಿಂದ ದೇಶದ ಭದ್ರತೆಯೇ ಕುಸಿಯುತ್ತದೆ ಅನ್ನುವ ಸರ್ಕಾರಿ ವಕೀಲರಿಗೆ ತಮ್ಮ ದೇಶದ ಮೇಲೆ ಎಷ್ಟು ಕಡಿಮೆ ನಂಬಿಕೆ ಇರಬೇಕು ಎಂದು ಸಾಶಾ ಕೋರ್ಟಿನಲ್ಲೇ ಕೇಳಿದರು. 2024ರ ಆಗಸ್ಟ್ 1ರಂದು ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಯಿತು.

ಅಷ್ಟು ದೊಡ್ಡ ಸರ್ಕಾರ ಐದು ಚೀಟಿಗೆ ಯಾಕೆ ಹೆದರಿತು? ನಾನು ಈ ಬಗ್ಗೆ ಬಹಳ ಯೋಚಿಸಿದ್ದೇನೆ. ಟಿವಿಯಲ್ಲಿ ತೋರಿಸುವ ಯುದ್ಧ ನಕಾಶೆ ಮೇಲಿನ ಬಾಣದ ಗುರುತು, ಕ್ಷಿಪಣಿಯ ಹೆಸರು, ಬಾವುಟ. ಅಲ್ಲಿ ಜನಸಾಮಾನ್ಯರಿಗೆ ಚಪ್ಪಾಳೆ ತಟ್ಟುವುದು ಬಿಟ್ಟು ಬೇರೆ ಕೆಲಸವಿಲ್ಲ. ಅದೇ ಯುದ್ಧವನ್ನು ಅಂಗಡಿಯ ಸಕ್ಕರೆ, ಎಣ್ಣೆಯ ಪಕ್ಕಕ್ಕೆ ತಂದು ಇಟ್ಟರೆ, ಇದು ನಮ್ಮ ಮನೆ ಖರ್ಚು ಅಂತ ಜನಕ್ಕೆ ತಿಳಿಯುತ್ತದೆ. ಲೆಕ್ಕ ಕೇಳಲು ಶುರು ಮಾಡುತ್ತಾರೆ. ಯುದ್ಧ ಮಾಡುವವರಿಗೆ ಸಹಿಸಲಾಗದ್ದು ಈ ಲೆಕ್ಕ ಕೇಳುವವರನ್ನೇ.

ರಷ್ಯಾದ ತಾಯಂದಿರಿಗೆ ಇದು ಮೊದಲೇ ಗೊತ್ತಿತ್ತು. 1989ರಲ್ಲಿ, ಸೋವಿಯತ್ ಕಾಲದ ಕೊನೆಯಲ್ಲಿ, ಸೈನಿಕರ ತಾಯಂದಿರ ಸಮಿತಿ ಹುಟ್ಟಿತು. 1994ರ ಡಿಸೆಂಬರ್‌ನಲ್ಲಿ, ರಷ್ಯಾದಿಂದ ಬೇರೆಯಾಗಲು ಹೊರಟಿದ್ದ ಚೆಚೆನ್ಯಾ ಪ್ರಾಂತ್ಯದ ಮೇಲೆ ಯುದ್ಧ ಶುರುವಾದಾಗ, ಸರಿಯಾದ ತರಬೇತಿ ಕೂಡ ಇಲ್ಲದ ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಅಲ್ಲಿನ ರಾಜಧಾನಿ ಗ್ರೋಜ್ನಿಗೆ ಕಳಿಸಿದರು. ಮಗ ಎಲ್ಲಿದ್ದಾನೆ ಅಂತ ಕೇಳಿದರೆ ಕಚೇರಿಗಳಲ್ಲಿ ಉತ್ತರವಿಲ್ಲ. ಆಗ ಆ ಅಮ್ಮಂದಿರು ಮಾಡಿದ್ದು ನೋಡಿ. ರೈಲು ಹತ್ತಿ ತಾವೇ ಯುದ್ಧದ ಜಾಗಕ್ಕೆ ಹೊರಟರು. ಎದುರು ಪಕ್ಷದ ಕಮಾಂಡರ್‌ಗಳ ಹತ್ತಿರ ಹೋಗಿ, ಸೆರೆಸಿಕ್ಕ ಮಕ್ಕಳನ್ನು ಕೊಡಿ ಎಂದು ಕೇಳಿದರು. ಕೆಲವರಿಗೆ ಮಕ್ಕಳು ಸಿಕ್ಕರು, ಕೈಹಿಡಿದು ಕರೆದುಕೊಂಡು ಬಂದರು. ಸಿಗದವರು ರೊಸ್ತೋವ್ ನಗರದ ಮಿಲಿಟರಿ ಶವಾಗಾರಕ್ಕೆ ಹೋದರು. ಅಲ್ಲಿ ಗುರುತು ಸಿಗದ ಹೆಣಗಳನ್ನು ಶೀತಲ ರೈಲು ಬೋಗಿಗಳಲ್ಲಿ ಇಟ್ಟಿದ್ದರು. ಯಾವ ತಾಯಿಗೂ ಆ ಬೋಗಿಯ ಮೆಟ್ಟಿಲು ಹತ್ತುವ ಗತಿ ಬರಬಾರದು. 1995ರಲ್ಲಿ ಅವರು ಮಾಸ್ಕೋದಿಂದ ಗ್ರೋಜ್ನಿ ಕಡೆಗೆ ಶಾಂತಿ ಯಾತ್ರೆಯನ್ನೂ ಮಾಡಿದರು.

ಇವರಲ್ಲಿ ಹೆಚ್ಚಿನವರು ಭಾಷಣಕಾರರಲ್ಲ, ರಾಜಕೀಯ ಮಾಡಿದವರೂ ಅಲ್ಲ. ಅವರ ಹತ್ತಿರ ಇದ್ದದ್ದು ಒಂದು ಪಟ್ಟಿ. ಯಾವ ಊರಿನ ಯಾರ ಮಗ, ಯಾವ ದಿನ ಕೊನೆಯ ಕಾಗದ ಬಂತು, ಈಗ ಎಲ್ಲಿ. ಆ ಪಟ್ಟಿಗೆ ಸರ್ಕಾರಗಳು ಇವತ್ತಿಗೂ ಹೆದರುತ್ತವೆ. 2014ರಲ್ಲಿ ಪೂರ್ವ ಉಕ್ರೇನ್‌ನಲ್ಲಿ ರಷ್ಯಾದ ಸೈನಿಕರು ಗಾಯಗೊಳ್ಳುತ್ತಿದ್ದಾರೆ, ಸಾಯುತ್ತಿದ್ದಾರೆ ಎಂದು ಸೇಂಟ್ ಪೀಟರ್ಸ್‌ಬರ್ಗ್‌ನ ಸೈನಿಕರ ತಾಯಂದಿರ ಸಂಘಟನೆ ಬಾಯಿ ಬಿಟ್ಟಿತು. ನಮ್ಮ ಸೈನಿಕರು ಅಲ್ಲಿ ಇಲ್ಲವೇ ಇಲ್ಲ ಅಂತ ಸರ್ಕಾರ ಹೇಳುತ್ತಿದ್ದ ಹೊತ್ತು ಅದು. ಬೆನ್ನಿಗೇ ಆ ಸಂಘಟನೆಗೆ ‘ವಿದೇಶಿ ಏಜೆಂಟ್’ ಅನ್ನುವ ಹಣೆಪಟ್ಟಿ ಬಿತ್ತು.

2022ರ ಸೆಪ್ಟೆಂಬರ್‌ನಲ್ಲಿ 3 ಲಕ್ಷ ಮಂದಿಯನ್ನು ಸೈನ್ಯಕ್ಕೆ ಎಳೆದುಕೊಳ್ಳುತ್ತೇವೆ ಅಂತ ಪುಟಿನ್ ಸರ್ಕಾರ ಘೋಷಿಸಿದಾಗ ಮೊದಲು ಬೀದಿಗಿಳಿದವರಲ್ಲಿ ದಾಗೆಸ್ತಾನದ ಹೆಂಗಸರೂ ಇದ್ದರು. ಮಖಚ್ಕಲಾ ನಗರದಲ್ಲಿ ಪೊಲೀಸರ ಎದುರೆದುರೇ ನಿಂತು ಜಗಳವಾಡಿದರು. ದಾಗೆಸ್ತಾನ, ಬುರ್ಯಾತಿಯಾ ರಷ್ಯಾದ ಕೆಲಸ ಕಡಿಮೆ ಇರುವ ಬಡ ಪ್ರಾಂತ್ಯಗಳು. ಮಾಸ್ಕೋದ ಶ್ರೀಮಂತ ಬಡಾವಣೆಗಳಿಗೆ ಬರುವ ಹೆಣಗಳಿಗಿಂತ ಈ ಕಡೆಗೆ ಬರುವ ಹೆಣಗಳು ಜಾಸ್ತಿ. ಆಮೇಲೆ ಸೈನ್ಯಕ್ಕೆ ಎಳೆದೊಯ್ದವರ ಹೆಂಡತಿಯರು ತಲೆಗೆ ಬಿಳಿ ವಸ್ತ್ರ ಕಟ್ಟಿ, ಶನಿವಾರಗಳಂದು ಕ್ರೆಮ್ಲಿನ್ ಗೋಡೆ ಪಕ್ಕದ ಅನಾಮಿಕ ಸೈನಿಕನ ಸಮಾಧಿಗೆ ಹೂವಿಡಲು ಶುರು ಮಾಡಿದರು. ನಮ್ಮ ಗಂಡಂದಿರನ್ನು ಮನೆಗೆ ಕಳಿಸಿ ಅನ್ನುವುದೊಂದೇ ಬೇಡಿಕೆ. 2024ರಲ್ಲಿ ಅವರಿಗೂ ಅದೇ ಹಣೆಪಟ್ಟಿ ಸಿಕ್ಕಿತು.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಶಾಂತಿ ಅಂದರೆ ಹೊಡೆಸಿಕೊಂಡವರಿಗೆ ಸುಮ್ನಿರಿ ಅನ್ನುವುದು ಅಂತ ನಾನು ತಿಳಿದಿಲ್ಲ. ಈ ಯುದ್ಧವನ್ನು ಶುರು ಮಾಡಿದ್ದು ರಷ್ಯಾ. ಉಕ್ರೇನ್‌ನ ಜನ ತಮ್ಮ ಊರು ಉಳಿಸಿಕೊಳ್ಳುತ್ತಿದ್ದಾರೆ. ಹಾಗಿರುವುದರಿಂದಲೇ ದಾಳಿ ಮಾಡಿದ ದೇಶದ ಒಳಗೇ ನಿಂತು ಬೇಡ ಎನ್ನುವವರ ಬಗ್ಗೆ ನನಗೆ ಇಷ್ಟು ಗೌರವ. ಅವರಿಗೆ ಹೊರಗಿನ ಶತ್ರುವಿನಿಂದ ಅಪಾಯವಿಲ್ಲ. ಪಕ್ಕದ ಮನೆಯವರಿಂದ, ಅಂಗಡಿಯಲ್ಲಿ ಸಾಲಿನಲ್ಲಿ ನಿಂತವರಿಂದ ಅಪಾಯ.

ಉಕ್ರೇನ್‌ನ ಖಾರ್ಕಿವ್ ನಗರ ರಷ್ಯಾ ಗಡಿಯಿಂದ ಹೆಚ್ಚು ದೂರವಿಲ್ಲ. ಕ್ಷಿಪಣಿ ಹಾರಿಸಿದರೆ ಸೈರನ್ ಕೂಗುವಷ್ಟರಲ್ಲಿ ಬಂದು ಬೀಳುತ್ತದೆ. ಹಾಗಾಗಿ 2023ರ ಸೆಪ್ಟೆಂಬರ್‌ನಿಂದ ಅಲ್ಲಿನ ಮಕ್ಕಳಿಗೆ ಮೆಟ್ರೊ ನಿಲ್ದಾಣಗಳಲ್ಲಿ ಕ್ಲಾಸು ಶುರುವಾಯಿತು. ನೆಲದಡಿಯಲ್ಲಿ ಗೋಡೆ ಕಟ್ಟಿ, ಬೋರ್ಡು ಹಾಕಿ, ಬೆಂಚು ಜೋಡಿಸಿದರು. ಆಮೇಲೆ ನೆಲದೊಳಗೇ ಹೊಸದಾಗಿ ಒಂದು ಶಾಲೆಯನ್ನೂ ಕಟ್ಟಿದರು. ಕಿಟಕಿಯೇ ಇಲ್ಲದ ಕ್ಲಾಸಿನಲ್ಲಿ ಅಕ್ಷರ ಕಲಿಯುತ್ತಿರುವ ಮಕ್ಕಳು ಅವರು.

ಅದೇ ಖಾರ್ಕಿವ್‌ನಲ್ಲಿ 2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ ಸತ್ತ. ಮೆಡಿಕಲ್ ನಾಲ್ಕನೇ ವರ್ಷ ಓದುತ್ತಿದ್ದ. ದಿನಸಿ ತರಲು ಹೋಗಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿ ಆಯಿತು. ಪಿಯುಸಿಯಲ್ಲಿ 97 ಪರ್ಸೆಂಟ್ ತೆಗೆದರೂ ಇಲ್ಲಿ ಮೆಡಿಕಲ್ ಸೀಟು ಸಿಗಲಿಲ್ಲ, ದುಡ್ಡು ಕೊಟ್ಟು ಸೀಟು ತೆಗೆದುಕೊಳ್ಳುವ ಶಕ್ತಿ ನಮಗಿರಲಿಲ್ಲ ಅಂತ ಅವರ ತಂದೆ ಟಿವಿ ಮುಂದೆ ನೋವು ತೋಡಿಕೊಂಡಿದ್ದು ನಿಮಗೂ ನೆನಪಿರಬಹುದು. ಮಾರ್ಚ್ 21ಕ್ಕೆ ಮೃತದೇಹ ಬೆಂಗಳೂರಿಗೆ ಬಂತು. ಊರಲ್ಲಿ ಅಂತಿಮ ದರ್ಶನ ಆದ ಮೇಲೆ ಮನೆಯವರು ದೇಹವನ್ನು ನಮ್ಮ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಡಾಕ್ಟರಾಗಲು ಹೋದ ಮಗ, ಬೇರೆ ಮಕ್ಕಳು ಡಾಕ್ಟರಾಗಲಿ ಅಂತ ಹೀಗೆ ಬಂದ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಆ ತಿಂಗಳು ದಾವಣಗೆರೆಯ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆ ಪಾಕೀಟಿಗೆ ದಿನಕ್ಕೊಂದು ರೇಟು. ನಮ್ಮ ದೇಶಕ್ಕೆ ಹೊರಗಿನಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್ ಮತ್ತು ರಷ್ಯಾದ್ದು. ಕಪ್ಪು ಸಮುದ್ರದ ಬಂದರು ಬಂದ್ ಆದರೆ ಇಲ್ಲಿ ಮಿರ್ಚಿ ಕರಿಯುವ ಬಾಣಲೆಗೆ ಪೆಟ್ಟು. ಮಂಡಕ್ಕಿ ಮಿರ್ಚಿ ಗಾಡಿಯ ಅಕ್ಕ ರೇಟು ಏರಿಸಿದರೆ ಗಿರಾಕಿ ಬರಲ್ಲ ಅಂತ ಮಿರ್ಚಿಯ ಗಾತ್ರ ಇಳಿಸಿದರು. ಸಂಜೆ ದುಡಿಮೆಯಲ್ಲಿ ಎಣ್ಣೆ ಖರ್ಚು ಕಳೆದರೆ ಕೈಗೆ ಏನೂ ಉಳಿಯುತ್ತಿಲ್ಲ ಅನ್ನುತ್ತಿದ್ದರು. ಆ ಅಕ್ಕನ ನಷ್ಟ ಯಾವ ಯುದ್ಧದ ಲೆಕ್ಕದಲ್ಲೂ ಬರೆದಿಲ್ಲ.

ವಾಪಸು ಬಂದ ವಿದ್ಯಾರ್ಥಿಗಳ ಕಥೆ ಇನ್ನೊಂದು. ಯುದ್ಧಭೂಮಿಯಿಂದ ಜೀವ ಉಳಿಸಿಕೊಂಡು ಬಂದರು ಅಂತ ವಿಮಾನ ನಿಲ್ದಾಣದಲ್ಲಿ ಹೂವು ಕೊಟ್ಟು ಫೋಟೊ ತೆಗೆದೆವು. ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿತು. ಓದು ಅರ್ಧಕ್ಕೆ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ, ಅಲ್ವಾ?

ಆಮೇಲೆ ಕಲಬುರಗಿ. 2023ರ ಕೊನೆಯಲ್ಲಿ ಅಲ್ಲಿನ ಕೆಲವು ಯುವಕರು ರಷ್ಯಾದಲ್ಲಿ ಸೆಕ್ಯುರಿಟಿ ಗಾರ್ಡ್ ಕೆಲಸ ಎಂಬ ಏಜೆಂಟರ ಮಾತು ನಂಬಿ ಹೋದರು. ಹೋಗಿ ಇಳಿದ ಮೇಲೆ ಗೊತ್ತಾಗಿದ್ದು, ತಾವು ಸೇರಿದ್ದು ಸೈನ್ಯಕ್ಕೆ ಅಂತ. ಜೊತೆಗಿದ್ದ ಸೂರತ್‌ನ 23 ವರ್ಷದ ಹುಡುಗ ದಾಳಿಯಲ್ಲಿ ಸತ್ತ. ಮನೆಯವರು ಅಲೆದು, ಮಾಧ್ಯಮದ ಮುಂದೆ ಅತ್ತು, ರಾಜಕಾರಣಿಗಳ ಕಾಲು ಹಿಡಿದು, ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಹುಡುಗರು ಮನೆ ಸೇರಿದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ರಷ್ಯಾ ಸೈನ್ಯ ಸೇರಿದ್ದ 126 ಭಾರತೀಯರಲ್ಲಿ 12 ಮಂದಿ ಸತ್ತಿದ್ದಾರೆ, 16 ಮಂದಿ ಎಲ್ಲಿದ್ದಾರೋ ಗೊತ್ತಿಲ್ಲ ಎಂದು 2025ರ ಜನವರಿಯಲ್ಲಿ ನಮ್ಮ ವಿದೇಶಾಂಗ ಇಲಾಖೆಯೇ ಹೇಳಿತು. ಬುರ್ಯಾತಿಯಾದ ಬಡವನ ಮಗ, ಕಲಬುರಗಿಯ ಬಡವನ ಮಗ ಒಂದೇ ಕಂದಕ ತೋಡುವ ಹಾಗಾಯಿತು. ಇಬ್ಬರ ಊರಲ್ಲೂ ಕೆಲಸ ಇರಲಿಲ್ಲ.

ಈಗ ನಮ್ಮ ಕಡೆ ನೋಡಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಶಿವಮೊಗ್ಗದವರೊಬ್ಬರು ಅದರಲ್ಲಿದ್ದರು. ಮದುವೆಯಾಗಿ ವಾರವೂ ಆಗಿರದ ನೌಕಾಪಡೆಯ ಅಧಿಕಾರಿಯೊಬ್ಬರೂ ಇದ್ದರು. ಅವರ ಹೆಂಡತಿ ಕೆಲವೇ ದಿನಗಳಲ್ಲಿ, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ದ್ವೇಷ ಬೇಡ, ನಮಗೆ ಶಾಂತಿ ಬೇಕು, ನ್ಯಾಯವೂ ಬೇಕು ಎಂದರು. ಆ ಹೆಣ್ಣುಮಗಳನ್ನು ನಮ್ಮ ಸೋಶಿಯಲ್ ಮೀಡಿಯಾ ಹೇಗೆ ಹರಿದು ತಿಂದಿತು ಅಂತ ನೋಡಿದ್ದೇವೆ. ಗಂಡನನ್ನು ಕಳೆದುಕೊಂಡವಳಿಗೆ ದೇಶಭಕ್ತಿ ಪಾಠ ಹೇಳಿದವರಲ್ಲಿ ಕನ್ನಡದವರೂ ಇದ್ದರು. ಮೇ ತಿಂಗಳಲ್ಲಿ ಜಮ್ಮು ಕಾಶ್ಮೀರದ ಗಡಿಯ ಪೂಂಚ್‌ನ ಮನೆಗಳ ಮೇಲೆ ಗಡಿಯಾಚೆಯಿಂದ ಶೆಲ್ ಬಿದ್ದು ಮಕ್ಕಳೂ ಸೇರಿ ಊರಿನ ಜನ ಸತ್ತರು. ಅದೇ ದಿನಗಳಲ್ಲಿ ನಮ್ಮ ಚಾನೆಲ್‌ಗಳು ಕರಾಚಿ ಬಂದರೇ ಹೋಯಿತು ಅಂತ ಕುಣಿಯುತ್ತಿದ್ದವು. ಪೂಂಚ್‌ನ ಸುದ್ದಿಗೆ ಜಾಗವಿರಲಿಲ್ಲ.

ದೇಶ ಕಾಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಹಳ್ಳಿಗಳಿಂದಲೇ ಮಕ್ಕಳು ಹೋಗಿ ಗಡಿ ಕಾಯುತ್ತಾರೆ. ಆ ಮನೆಗಳಲ್ಲಿ ಟಿವಿ ಸ್ಟುಡಿಯೊದ ಕುಣಿತ ಇರುವುದಿಲ್ಲ. ಯುದ್ಧ ಅಂತ ಸುದ್ದಿ ಬಂದರೆ ಅಲ್ಲಿ ಫೋನಿನ ಪಕ್ಕ ಕೂರುತ್ತಾರೆ. ಊಟ ಬಿಡುತ್ತಾರೆ. ಯುದ್ಧ ಬೇಕೋ ಬೇಡವೋ ಅಂತ ಮಾತಾಡುವ ಮೊದಲ ಹಕ್ಕು ಆ ಮನೆಯವರದ್ದು, ಪೂಂಚ್‌ನಂಥ ಊರಿನವರದ್ದು. ಅವರು ಬೇಡ ಅಂದಾಗ ದೇಶದ್ರೋಹಿ ಅನ್ನುವವರ ಜೊತೆ ನನಗೆ ಮಾತಿಲ್ಲ.

ಸೈನಿಕರ ತಾಯಂದಿರು ಮಾಡಿದ ಪಟ್ಟಿಯ ಕೆಲಸವನ್ನು ನಾವೂ ನಮ್ಮ ಮಟ್ಟದಲ್ಲಿ ಮಾಡಬಹುದು. ನಿಮ್ಮ ತಾಲೂಕಿನಿಂದ ಉಕ್ರೇನ್‌ಗೆ ಓದಲು ಹೋಗಿ ಅರ್ಧಕ್ಕೆ ಬಂದವರು ಈಗ ಏನು ಮಾಡುತ್ತಿದ್ದಾರೆ, ಮನೆಯ ಸಾಲ ಎಷ್ಟು ಉಳಿದಿದೆ, ಅವರು ಒಪ್ಪಿದರೆ ಹೆಸರು ಹಾಕದೆ ಬರೆಯಿರಿ. ರಷ್ಯಾ, ಇಸ್ರೇಲ್, ಕೊಲ್ಲಿ ಅಂತ ಕೆಲಸಕ್ಕೆ ಹೊರಟ ಹುಡುಗರು ನಿಮ್ಮ ಓಣಿಯಲ್ಲಿದ್ದರೆ, ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿದವನೇ ಅಂತ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ ಹೇಳಿ. ಕರಾರುಪತ್ರ ಅವರಿಗೆ ಓದಲು ಬರದ ಭಾಷೆಯಲ್ಲಿದ್ದರೆ ಸಹಿ ಹಾಕಲು ಬಿಡಬೇಡಿ. ದಾವಣಗೆರೆ, ಹಾವೇರಿ ಕಡೆಯವರು ಯಾರಾದರೂ ಇಂಥ ಮಾಹಿತಿ ಒಟ್ಟು ಮಾಡಲು ಜೊತೆಯಾಗುವುದಾದರೆ ಮೆಸೇಜ್ ಮಾಡಿ. ಭಾನುವಾರ ಸಂಜೆ ಹೊತ್ತು ನಾನು ಬಿಡುವಾಗಿರುತ್ತೇನೆ, ಕೂತು ಮಾತಾಡೋಣ.