ಎಐ ಹಾಕಿದ್ದೀರಾ?

ಸಾಫ್ಟ್‌ವೇರ್ ಮೀಟಿಂಗ್ ಎಲ್ಲೇ ಇರಲಿ, ಈಗ ಮೊದಲ ಪ್ರಶ್ನೆ ಒಂದೇ. "ಇದಕ್ಕೆ ಎಐ ಹಾಕಿದ್ದೀರಾ?" ಸಾರಿಗೆ ಇಂಗು ಹಾಕಿದ್ದೀರಾ ಅಂತ ಕೇಳುವ ಧಾಟಿ. ಎಲ್ಲಿಗೆ, ಎಷ್ಟು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಘಮ ಬಂದರೆ ಸಾಕು.

2017ರಲ್ಲಿ ಇದೇ ಜಾಗದಲ್ಲಿ ಬ್ಲಾಕ್‌ಚೈನ್, ಅಂದರೆ ಬಿಟ್‌ಕಾಯಿನ್ ಹಿಂದಿರುವ ಲೆಕ್ಕದ ತಂತ್ರಜ್ಞಾನ, ಕೂತಿತ್ತು. ಆ ಡಿಸೆಂಬರ್‌ನಲ್ಲಿ ಅಮೆರಿಕದ ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಎಂಬ ಕಂಪನಿ ತನ್ನ ಹೆಸರನ್ನು ಲಾಂಗ್ ಬ್ಲಾಕ್‌ಚೈನ್ ಎಂದು ಬದಲಾಯಿಸಿಕೊಂಡಿತು. ಮಾರುತ್ತಿದ್ದದ್ದು ತಣ್ಣನೆ ಟೀ. ಷೇರು ಬೆಲೆ ಒಂದೇ ದಿನದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಆಯಿತು! ಮರುವರ್ಷ ಅಲ್ಲಿನ ಷೇರುಪೇಟೆ ನ್ಯಾಸ್ಡ್ಯಾಕ್ ಅದನ್ನು ಪಟ್ಟಿಯಿಂದಲೇ ಕಿತ್ತು ಹಾಕಿತು. 2021ರಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಆಯಿತು, ಜನ ಮೆಟಾವರ್ಸ್ ಎಂಬ ಕಂಪ್ಯೂಟರ್ ಒಳಗಿನ ಕಾಲ್ಪನಿಕ ಲೋಕದಲ್ಲಿ ಸೈಟ್ ಕೊಳ್ಳಲು ಹೊರಟರು. ಎ ಖಾತೆಯೋ ಬಿ ಖಾತೆಯೋ ಎಂದು ಬೆಂಗಳೂರಿನವರು ಕೂಡ ವಿಚಾರಿಸಲಿಲ್ಲ.

ಈಗ ಏಜೆಂಟ್‌ಗಳ ಕಾಲ, ಅಂದರೆ ಒಪ್ಪಿಸಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಎಐ. ಶಿವಮೊಗ್ಗ ಕಡೆಯ ಒಂದು ಅಡಿಕೆ ಮಂಡಿಯನ್ನೇ ಊಹಿಸಿಕೊಳ್ಳಿ. ಸಾಹುಕಾರರ ಬೇಡಿಕೆ ತೀರಾ ಸಣ್ಣದು. ಲೆಕ್ಕದ ಸಾಫ್ಟ್‌ವೇರ್ ಚೆನ್ನಾಗಿಯೇ ಇದೆ. ಬಿಲ್ ಪ್ರಿಂಟ್ ಕೊಟ್ಟರೆ ಕೊನೆಯ ಸಾಲು ಮಾತ್ರ ಮುಂದಿನ ಹಾಳೆಗೆ ಹೋಗುತ್ತದೆ. ಕೊನೆಯ ಸಾಲಿನಲ್ಲಿರುವುದು ಒಟ್ಟು ಮೊತ್ತ. ರೈತರು ಮೊದಲು ನೋಡುವುದೇ ಅದನ್ನು. ಸರಿ ಮಾಡಿಕೊಡಿ ಅಂತ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರು.

ಬಂದವರು ಮೂರು ಜನ. ಜೊತೆಗೆ ಒಂದು ಪ್ರೊಜೆಕ್ಟರ್. ಮಂಡಿಯಲ್ಲಿ ಖಾಲಿ ಗೋಡೆ ಇರಲಿಲ್ಲ, ಹಾಗಾಗಿ ಗೋಣಿಚೀಲದ ಅಟ್ಟಿ ಮೇಲೇ ಸ್ಲೈಡ್ ಬಿಟ್ಟರು.

"ಸರ್, ನಿಮಗೆ ಬೇಕಾಗಿರುವುದು ಬಿಲ್ ರಿಪೇರಿ ಅಲ್ಲ. ಏಜೆಂಟ್ ಬೇಕು."

"ನಾವೇ ಕಮಿಷನ್ ಏಜೆಂಟರಲ್ವಾ ಮಾರಾಯ್ರೆ. ಲೈಸೆನ್ಸ್ ಅಲ್ಲೇ ನೇತು ಹಾಕಿದೆ, ನೋಡಿ."

"ಇದು ಬೇರೆ ಸರ್. ತಾನೇ ಯೋಚನೆ ಮಾಡುತ್ತೆ. ತಾನೇ ರೇಟ್ ಫಿಕ್ಸ್ ಮಾಡುತ್ತೆ."

"ರೇಟು ಟೆಂಡರ್‌ನಲ್ಲಿ ಆಗೋದು. ನಿಮ್ಮದು ಒಟ್ಟು ಮೊತ್ತನ ಅದೇ ಹಾಳೆಯಲ್ಲಿ ಹಾಕುತ್ತಾ?"

"ಅದು ರೋಡ್‌ಮ್ಯಾಪ್‌ನಲ್ಲಿದೆ ಸರ್."

ಆಮೇಲೆ ಡೆಮೊ. ಫೋನಿನಲ್ಲಿ ಫೋಟೊ ತೆಗೆದರೆ ಸಾಕು, ಅಡಿಕೆಯ ದರ್ಜೆ ಹೇಳುತ್ತದಂತೆ. ಸಾಹುಕಾರರು 'ರಾಶಿ' ದರ್ಜೆಯ ಅಡಿಕೆ ಒಂದು ಬೊಗಸೆ ಮೇಜಿನ ಮೇಲೆ ಸುರಿದರು. "ಇದು ಉತ್ತಮ ಗುಣಮಟ್ಟದ ಜಾಯಿಕಾಯಿ" ಎಂದು ಫೋನ್ ಒಂದಿಷ್ಟೂ ಅಳುಕಿಲ್ಲದೆ ಹೇಳಿತು. 'ಗೊರಬಲು' ಎಂಬ ಇನ್ನೊಂದು ದರ್ಜೆ ತೋರಿಸಿದರು. ಅದೂ ಜಾಯಿಕಾಯಿಯೇ, ಜೊತೆಗೆ ಬಿರಿಯಾನಿಗೆ ಎಷ್ಟು ಹಾಕಬೇಕೆಂಬ ಸಲಹೆ ಬೇರೆ. ಮೂಲೆಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ ಹಮಾಲಿ ತಲೆ ಎತ್ತದೆ ಹೇಳಿದ: "ಸರಕು, ಬೆಟ್ಟೆ, ರಾಶಿ, ಗೊರಬಲು, ಎಲ್ಲ ನಾನೇ ಹೇಳ್ತೀನಿ. ನನಗೆ ಡಾಲರ್‌ನಲ್ಲಿ ಕೊಡೋದೂ ಬೇಡ."

ಮೂವರೂ ಅದನ್ನು ಬರೆದುಕೊಂಡರು. ಮೀಟಿಂಗ್ ವರದಿಯಲ್ಲಿ ಅದು "ಗ್ರಾಹಕರಿಗೆ ತುಂಬಾ ಆಸಕ್ತಿ ಇದೆ" ಎಂದಾಯಿತು.

ಇನ್ನು ಕೋಡ್ ಬರೆಯುವವರ ಕಡೆ ಬನ್ನಿ. ಅಲ್ಲಿ ನಡೆಯುತ್ತಿರುವುದು ವೈಬ್ ಕೋಡಿಂಗ್. ಬೇಕಾದ್ದನ್ನು ಬಾಯಲ್ಲಿ ಹೇಳುವುದು, ಯಂತ್ರ ಬರೆದದ್ದನ್ನು ಓದದೆ ಒಪ್ಪಿಕೊಳ್ಳುವುದು. 2025ರ ಫೆಬ್ರವರಿಯಲ್ಲಿ ಈ ಹೆಸರಿಟ್ಟವರು ಎಐ ಸಂಶೋಧಕ ಆಂಡ್ರೆ ಕರ್ಪಾತಿ. ವಾರಾಂತ್ಯದಲ್ಲಿ ಮಾಡಿ ಬಿಸಾಡುವ ಪ್ರಾಜೆಕ್ಟ್‌ಗಳಿಗೆ ಪರವಾಗಿಲ್ಲ ಎಂದೂ ಅವರೇ ಬರೆದಿದ್ದರು. ನಮ್ಮ ಮ್ಯಾನೇಜರ್‌ಗಳು ಆ ಸಾಲಿಗೆ ಬರುವ ಮೊದಲೇ ಊಟದ ಹೊತ್ತಾಯಿತು. ಅದೇ ಜುಲೈನಲ್ಲಿ ಕೋಡ್ ಬರೆಯುವ ಟೂಲ್ ಮಾಡುವ ರೆಪ್ಲಿಟ್ ಕಂಪನಿಯ ಏಜೆಂಟ್ ಒಂದು, ಯಾವ ಬದಲಾವಣೆಯನ್ನೂ ಮಾಡಬೇಡ ಎಂದು ಹೇಳಿಟ್ಟಿದ್ದರೂ, ಬಳಕೆದಾರರೊಬ್ಬರ ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು. ಯಾಕಪ್ಪಾ ಅಂದರೆ, ಗಾಬರಿಯಾಯಿತು ಎಂಬರ್ಥದ ಉತ್ತರ ಕೊಟ್ಟಿತು. ಗಾಬರಿಯಾಗುವುದನ್ನು ಕಲಿತಾಯಿತು. ಸಿಕ್ ಲೀವ್ ಕೇಳುವುದೊಂದು ಬಾಕಿ.

ಪ್ರೋಗ್ರಾಮರ್‌ಗಳು ಇನ್ನು ಬೇಡ ಎಂಬ ಸುದ್ದಿಯಾದರೂ ಹೊಸದಾ? 1981ರಲ್ಲಿ ಬ್ರಿಟನ್‌ನಲ್ಲಿ 'ದಿ ಲಾಸ್ಟ್ ಒನ್' ಎಂಬ ಸಾಫ್ಟ್‌ವೇರ್ ಬಂದಿತ್ತು. ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ತಾನೇ 'ಬೇಸಿಕ್' ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಡುತ್ತಿತ್ತು. ಮನುಷ್ಯರು ಬರೆಯಬೇಕಾದ ಕೊನೆಯ ಪ್ರೋಗ್ರಾಂ ಇದೇ ಅಂತ ಆ ಹೆಸರು. ತಮಾಷೆ ಅಂದರೆ, ಅದನ್ನು ಮಾಡಿದ ಕಂಪನಿಯ ಹೆಸರಿನಲ್ಲೂ ಎಐ ಇತ್ತು. ಅದೇ ವರ್ಷ ಪುಣೆಯಲ್ಲಿ ಇನ್ಫೋಸಿಸ್ ಶುರುವಾಯಿತು. ಆಮೇಲೆ ಬೆಂಗಳೂರಿಗೆ ಬಂತು. ಇವತ್ತು ಅದೊಂದರಲ್ಲೇ 3 ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ.

ಹಾಗಂತ ಎಐ ದಂಡ ಅಂತಲ್ಲ. ಬೇಜಾರು ಹಿಡಿಸುವ ಟೆಸ್ಟ್ ಬರೆಯಲು, ಯಾರೋ ಬರೆದುಬಿಟ್ಟುಹೋದ ಕೋಡ್ ಅರ್ಥ ಮಾಡಿಕೊಳ್ಳಲು ನಾನೂ ಬಳಸುತ್ತೇನೆ. ಆದರೆ ಇದೊಂದು ಕೇಳಿ. ಎಐ ಪರೀಕ್ಷಿಸುವ ಮೆಟರ್ (METR) ಎಂಬ ಸಂಸ್ಥೆ 2025ರಲ್ಲಿ 16 ಅನುಭವಿ ಡೆವಲಪರ್‌ಗಳಿಗೆ ಅವರೇ ಪಳಗಿದ ಕೋಡ್ ಕೊಟ್ಟು ಪರೀಕ್ಷೆ ಮಾಡಿತು. ಎಐ ಇದ್ದರೆ ಸಮಯ 24% ಉಳಿಯುತ್ತದೆ ಎಂದು ಅವರ ಅಂದಾಜು. ಕೆಲಸ ಮುಗಿದ ಮೇಲೂ 20% ಉಳಿಯಿತು ಅಂದರು. ಗಡಿಯಾರದ ಲೆಕ್ಕದಲ್ಲಿ 19% ಜಾಸ್ತಿ ಹಿಡಿದಿತ್ತು. ಸಣ್ಣ ಪರೀಕ್ಷೆ, ಆಗಿನ ಟೂಲ್‌ಗಳು, ಎಲ್ಲ ಒಪ್ಪೋಣ. ಆದರೂ ಗಡಿಯಾರವನ್ನು ಮೀಟಿಂಗ್‌ಗೆ ಯಾರೂ ಕರೆಯುವುದಿಲ್ಲ ಅಲ್ವಾ?

ಮಂಡಿಯ ಬಿಲ್ ಏನಾಯಿತು ಅಂದಿರಾ? ಆ ಕಂಪನಿಗೆ ಹೊಸದಾಗಿ ಸೇರಿದ್ದ ದಾವಣಗೆರೆಯ ಹುಡುಗಿಯೊಬ್ಬಳು ದೂರು ಓದಿದಳು. ಹಾಳೆಯ ಕೆಳಗಿನ ಮಾರ್ಜಿನ್ ಸ್ವಲ್ಪ ಕಮ್ಮಿ ಮಾಡಿ ಹತ್ತೇ ನಿಮಿಷದಲ್ಲಿ ಕಳಿಸಿದಳು. ಒಟ್ಟು ಮೊತ್ತ ತನ್ನ ಜಾಗಕ್ಕೆ ಬಂತು. ಸಾಹುಕಾರರು ಫೋನ್ ಮಾಡಿ "ಚೆನ್ನಾಗಿರಮ್ಮ" ಅಂದರು. ಅಪ್ರೈಸಲ್‌ನಲ್ಲಿ ಅವಳ ಎಐ ಬಳಕೆ ಸೊನ್ನೆ ಎಂದು ಬಂದು, ಹೈಕ್ ಅರ್ಧಕ್ಕಿಳಿಯಿತು. ಪಕ್ಕದ ಸೀಟಿನವನು ರಾತ್ರಿಯಿಡೀ ಏಜೆಂಟ್ ಓಡಿಸಿ, ಕೋಡ್‌ನಲ್ಲಿದ್ದ ಕಾಮೆಂಟ್‌ಗಳನ್ನೆಲ್ಲ ಪದ್ಯ ಮಾಡಿಸಿ, ಮತ್ತೆ ಗದ್ಯ ಮಾಡಿಸಿದ್ದ. ಟೋಕನ್ ಲೆಕ್ಕದಲ್ಲಿ, ಅಂದರೆ ಎಐ ಎಷ್ಟು ಬಳಸಿದರು ಎಂದು ಅಳೆಯುವ ಲೆಕ್ಕದಲ್ಲಿ, ಇಡೀ ಫ್ಲೋರ್‌ಗೇ ಅವನು ಫಸ್ಟ್. ಟ್ರೋಫಿ ಕೊಟ್ಟರು. ಮಂಡಿಯ ಎರಡನೇ ಡೆಮೊಗೆ ಈಗ ಅವನನ್ನೇ ಕಳಿಸುತ್ತಿದ್ದಾರೆ.