ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ

ಸೂಜಿ ಚುಚ್ಚಿದಾಗ, ರಕ್ತ ಕಂಡಾಗ ಪ್ರಜ್ಞೆ ತಪ್ಪುವವರ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ತುಂಬ ಉಪಯೋಗವಾಯಿತು. ಒಂದು ಮಾತು ಸೇರಿಸುತ್ತೇನೆ. ನನ್ನ ಮಗಳು ಶಾಲೆಯ ಪ್ರಾರ್ಥನೆ ಹೊತ್ತಿಗೆ ಬಿಸಿಲಲ್ಲಿ ನಿಂತಲ್ಲೇ ಕುಸಿದಳು. ಗಾಬರಿಯಲ್ಲಿ ಎತ್ತಿ ಕುರ್ಚಿಯಲ್ಲಿ ಕೂರಿಸಿದರು, ಮತ್ತೆ ಪ್ರಜ್ಞೆ ತಪ್ಪಿತು. ಕೈಕಾಲು ಒಂದೆರಡು ಸಲ ಅದುರಿದ್ದಕ್ಕೆ ಫಿಟ್ಸ್ ಎಂದುಕೊಂಡು ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು. ನಿಜದಲ್ಲಿ ಆಗುವುದು ಬೇರೆ: ಮೆದುಳಿನಿಂದ ಹೃದಯದ ಕಡೆಗೆ ಹೋಗುವ ವೇಗಸ್ ನರದ ಪ್ರಭಾವದಿಂದ ನಾಡಿ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲಗೊಂಡು ರಕ್ತ ಕಾಲಿಗಿಳಿಯುತ್ತದೆ, ಮೆದುಳಿಗೆ ಸಾಲದಾಗುತ್ತದೆ. ಮಲಗಿಸಿ ಕಾಲೆತ್ತಿ ಹಿಡಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಎಚ್ಚರವಾಗುತ್ತದೆ. ಅಲ್ಲಿಯವರೆಗೆ ಬಾಯಿಗೆ ನೀರು ಹಾಕಲೇಬೇಡಿ.

ವೈದ್ಯರು ಹೆಚ್ಚು ಕೇಳಿದ್ದು ಬೀಳುವ ಮುಂಚಿನ ಕ್ಷಣದ ಬಗ್ಗೆ: ಬೆವರು ಬಂತಾ, ವಾಕರಿಕೆ ಆಯ್ತಾ, ಕಣ್ಣು ಮಂಜಾಯ್ತಾ ಅಂತ. ಮಲಗಿಸಿ, ನಿಲ್ಲಿಸಿ ಬಿಪಿ ನೋಡಿದರು, ಇಸಿಜಿ ಮಾಡಿದರು. ಮಾತ್ರೆ ಕೊಡಲಿಲ್ಲ. ಚೆನ್ನಾಗಿ ನೀರು ಕುಡಿ, ಮುನ್ಸೂಚನೆ ಬಂದ ಕೂಡಲೇ ಕಾಲು ಹೆಣೆದು ತೊಡೆ ಬಿಗಿಮಾಡು, ಆಗದಿದ್ದರೆ ಅಲ್ಲೇ ಮಲಗಿಬಿಡು ಎಂದರು.

ಆದರೆ ಓಡುವಾಗಲೋ ಮಲಗಿದ್ದಾಗಲೋ ಪ್ರಜ್ಞೆ ತಪ್ಪಿದರೆ, ಅಥವಾ ಪ್ರಜ್ಞೆ ತಪ್ಪಿದವರ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡವರಿದ್ದರೆ, ದಯವಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ ಹೃದಯ ಪರೀಕ್ಷೆ ಮಾಡಿಸಿ.