ಸತ್ಯಾಂಶ: ಯಂತ್ರದ ಶಾಖದಿಂದ ಚರ್ಮ ಶಾಶ್ವತವಾಗಿ ಬಿಗಿಯಾಗುವುದೇ?

"ಕತ್ತರಿ ಬೇಡ, ನೋವಿಲ್ಲ, ಒಂದೇ ಬಾರಿಗೆ ಮುಖ ಶಾಶ್ವತವಾಗಿ ಬಿಗಿ" ಎಂಬ ಸಂದೇಶ ಬಳ್ಳಾರಿ, ರಾಯಚೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರಲ್ಲಿ ನಿಜವಿರುವುದು ಕತ್ತರಿ ಬೇಡ ಎಂಬ ಮಾತಷ್ಟೇ.

ಈ ಯಂತ್ರಗಳ ರೇಡಿಯೋ ತರಂಗ ಅಥವಾ ಕೇಂದ್ರೀಕೃತ ಅಲ್ಟ್ರಾಸೌಂಡ್ (ಒಂದೇ ಬಿಂದುವಿಗೆ ಹರಿಸುವ ಶಬ್ದ ತರಂಗ) ಚರ್ಮದ ಒಳಪದರವನ್ನು ಬಿಸಿ ಮಾಡಿದಾಗ ಅಲ್ಲಿನ ಕೊಲಾಜೆನ್ ಎಳೆಗಳು, ಅಂದರೆ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್ ಎಳೆಗಳು, ಕುಗ್ಗುತ್ತವೆ. ಅಲ್ಟ್ರಾಸೌಂಡ್‌ನಲ್ಲಿ ಈ ಶಾಖ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರಿಂದ ನೋವೇ ಇಲ್ಲವೆನ್ನುವುದು ಸುಳ್ಳು. ಆ ಸೂಕ್ಷ್ಮ ಗಾಯವನ್ನು ಮಾಯಿಸುತ್ತ ದೇಹವು ಹೊಸ ಕೊಲಾಜೆನ್ ಕಟ್ಟಿಕೊಳ್ಳಬೇಕಾದ್ದರಿಂದ ಫಲ ಕಾಣಲು ಕೆಲವು ತಿಂಗಳು ಬೇಕು. ಅದೂ ಅಲ್ಪಸ್ವಲ್ಪ ಸಡಿಲವಾದ ಚರ್ಮಕ್ಕೆ ಮಾತ್ರ. ಬಹಳ ತೂಕ ಇಳಿಸಿ ಜೋತುಬಿದ್ದ ಚರ್ಮಕ್ಕೆ ಇದು ಶಸ್ತ್ರಚಿಕಿತ್ಸೆಯ ಬದಲಿಯಲ್ಲ. ವಯಸ್ಸಾಗುವುದು ನಿಲ್ಲದ ಕಾರಣ ಬಿಗಿಯೂ ಶಾಶ್ವತವಾಗಿ ಉಳಿಯುವುದಿಲ್ಲ.

ಊತ, ಕೆಂಪು ಸಾಮಾನ್ಯವಾಗಿ ಬೇಗ ಇಳಿಯುತ್ತವೆ. ಆದರೆ ಸುಟ್ಟ ಗಾಯ, ಕೊಬ್ಬು ಕರಗಿ ಕೆನ್ನೆ ಗುಳಿಬೀಳುವುದು, ನರಕ್ಕೆ ಪೆಟ್ಟು ಇವು ಅಪರೂಪವಾದರೂ ಸುಳ್ಳಲ್ಲ. ಸೂಜಿಯೊಡನೆ ರೇಡಿಯೋ ತರಂಗ ಬಳಸುವ ಸಾಧನಗಳ ಕುರಿತು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಇಂಥದ್ದೇ ಎಚ್ಚರಿಕೆ ನೀಡಿತು. ಸುಟ್ಟ ಜಾಗ ಕಪ್ಪಾಗುವ ಸಂಭವ ನಮ್ಮಂಥ ಕಂದು ಮೈಬಣ್ಣದವರಲ್ಲಿ ಹೆಚ್ಚು, ಅದಕ್ಕೆ ಈ ಭಾಗದ ಬಿಸಿಲು ಬೇರೆ. ಎದೆಬಡಿತ ಸರಿಯಾಗಿಡುವ ಪೇಸ್‌ಮೇಕರ್ ಸಾಧನ ಇರುವವರು ರೇಡಿಯೋ ತರಂಗದ ಚಿಕಿತ್ಸೆಗೆ ಮುಂದಾಗಬಾರದು.

ಬ್ಯೂಟಿ ಪಾರ್ಲರಿನ ರಿಯಾಯಿತಿ ದರ ನೋಡುವ ಮೊದಲು ಚರ್ಮರೋಗ ತಜ್ಞರನ್ನೋ ಪ್ಲಾಸ್ಟಿಕ್ ಸರ್ಜನ್‌ರನ್ನೋ ಕಾಣುವುದು ಒಳಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ.